ಶೋಕದ ಮನೆಯಲ್ಲಿ ಬೆಲೆ ಕೇಳುವವರಾರು?

ಮನೆಯಲ್ಲಿ ಮೃತದೇಹವನ್ನಿರಿಸಿಕೊಂಡು ಬೆಲೆಯ ಮಾತೆತ್ತುವುದು ಅಪಚಾರವೆಂಬ ಸಂಕೋಚವು ನಮ್ಮಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಒಂದು ಕಟ್ಟು ಸೊಪ್ಪಿಗೂ ಚೌಕಾಸಿ ಮಾಡುವ ಗೃಹಸ್ಥನು ಶವವಾಹನದವನು ಕೇಳಿದ ಸಹಸ್ರಗಳನ್ನು ತಲೆತಗ್ಗಿಸಿ ತೆತ್ತು, ಸೂತಕ ಕಳೆದ ಮೇಲೆಯೂ ಅದರ ಲೆಕ್ಕವನ್ನು ಯಾರ ಮುಂದೆಯೂ ತೆಗೆಯುವುದಿಲ್ಲ. ಈ ಸಂಕೋಚವು ದೋಷವಲ್ಲ, ಸಂಸ್ಕಾರದ ಗುರುತು. ಆದರೆ ಅದನ್ನೇ ಬಂಡವಾಳ ಮಾಡಿಕೊಂಡವರೂ ಉಂಟು.

ನಾಗಪುರದ ಬಜಾಜ್ ನಗರದ ಮಾತನ್ನೇ ತೆಗೆದುಕೊಳ್ಳೋಣ. 1960ರಲ್ಲಿ ಆರಂಭವಾಗಿ ಮುಂದೆ ನಮ್ಮ ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತ ತಾಂತ್ರಿಕ ವಿದ್ಯಾಲಯದ ನೆರೆಯಲ್ಲಿರುವ ಈ ಬಡಾವಣೆಯಲ್ಲಿ, ಉದ್ಯೋಗನಿಮಿತ್ತವಾಗಿ ಬಂದು ನೆಲಸಿದ ಕನ್ನಡ ಕುಟುಂಬವೊಂದರ ಹಿರಿಯರು ನಡುರಾತ್ರಿ ತೀರಿಕೊಂಡರೆನ್ನಿ. ಊರಿನಲ್ಲಾಗಿದ್ದರೆ ಕೇರಿಯವರೇ ಬಿದಿರು ಕಡಿದು ತಂದು ಚಟ್ಟ ಕಟ್ಟಿ, ಸೌದೆ ಒಟ್ಟಿ, ಹೆಗಲು ಕೊಟ್ಟು, ಮನೆಯವರಿಗೆ ಅಳುವುದೊಂದನ್ನೇ ಉಳಿಸುತ್ತಿದ್ದರು. ಇಲ್ಲಿಯಾದರೋ ಮಗನು ದೂರದೇಶದಲ್ಲಿ. ನೆರೆಮನೆಯವರ ಪರಿಚಯವು ಲಿಫ್ಟಿನ ನಮಸ್ಕಾರದಷ್ಟು. ಮಾಧ್ವರ ಮನೆಯಾದರೆ ತಮ್ಮ ಕ್ರಮವನ್ನರಿತ ಪುರೋಹಿತರು ಬೇಕು. ಲಿಂಗಾಯತರಾದರೆ ಸುಡುವ ಘಾಟಲ್ಲ, ಸಮಾಧಿಗೆ ಮಣ್ಣು ಬೇಕು, ಜಂಗಮರು ಬೇಕು. ಮರಾಠಿ ನಾಡಿನಲ್ಲಿ ಇವನ್ನೆಲ್ಲ ಎಲ್ಲಿ ಹುಡುಕುವುದೆಂದು ದಿಕ್ಕುಗಾಣದೆ ಕುಳಿತ ಹೊತ್ತಿನಲ್ಲಿ, 'ಎಲ್ಲವನ್ನೂ ನಾವೇ ನೋಡಿಕೊಳ್ಳುತ್ತೇವೆ' ಎಂದು ದೂರವಾಣಿಯಲ್ಲಿ ನುಡಿದವನು ದೇವರಂತೆ ಕಾಣುವುದು ಸಹಜ. ಅವನು ಪ್ರಾಮಾಣಿಕನಾಗಿದ್ದರೆ ಬಂಧುವಿಗಿಂತ ಮಿಗಿಲಾದ ಉಪಕಾರಿಯೇ ಸರಿ. ಆದರೆ ಪ್ರಾಮಾಣಿಕನೋ ಅಲ್ಲವೋ ಎಂಬುದನ್ನು ಬಗೆಹರಿಸುವ ಮೊದಲ ಪರೀಕ್ಷೆ ಒಂದೇ: ವಾಹನ, ಶೀತಪೆಟ್ಟಿಗೆ, ಚಟ್ಟದ ಸಾಮಗ್ರಿ, ಪುರೋಹಿತರ ದಕ್ಷಿಣೆ, ಅಸ್ಥಿಸಂಚಯನ ಇವುಗಳ ದರವನ್ನು ಬಿಡಿಬಿಡಿಯಾಗಿ, ಬರಹದಲ್ಲಿ, ವಾಹನವು ಹೊರಡುವ ಮುನ್ನವೇ ಕೊಡಬಲ್ಲನೆ? 'ಒಟ್ಟು ಇಷ್ಟು' ಎನ್ನುವವನಿಗಿಂತ ಬಿಡಿಸಿ ಹೇಳುವವನನ್ನು ಆರಿಸಿಕೊಳ್ಳುವುದು ಲೇಸು.

ಹೀಗೆ ಕೇಳುವುದು ಭಿಕ್ಷೆಯಲ್ಲ. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಸೇವೆಯ ಗುಣ, ಪ್ರಮಾಣ, ಬೆಲೆಗಳನ್ನು ತಿಳಿಯುವುದನ್ನು ಗ್ರಾಹಕನ ಹಕ್ಕೆಂದು ಸಾರಿದೆ. ರಸೀತಿ ಕೊಡದಿರುವುದನ್ನು ಅನುಚಿತ ವ್ಯಾಪಾರ ಪದ್ಧತಿಯೆಂದು ಕರೆದಿದೆ. 'ನಮ್ಮ ಪುರೋಹಿತರನ್ನೇ ಒಪ್ಪಿದರೆ ಮಾತ್ರ ವಾಹನ' ಎಂಬಂತೆ ಒಂದನ್ನು ಕೊಳ್ಳಲು ಇನ್ನೊಂದರ ನಿರ್ಬಂಧ ಹಾಕುವುದನ್ನೂ ದೂರಿಗೆ ಯೋಗ್ಯವೆಂದು ಪರಿಗಣಿಸಿದೆ. ಹೊರನಾಡ ಕನ್ನಡಿಗರಿಗೆ ಮುಖ್ಯವಾದ ಇನ್ನೊಂದು ಅಂಶವೆಂದರೆ, ದೂರುದಾರನು ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ನಾಗಪುರದಲ್ಲಿ ಹಣ ತೆತ್ತವನು ಧಾರವಾಡದಲ್ಲಿ ವಾಸಿಸುತ್ತಿದ್ದರೆ ಧಾರವಾಡದಲ್ಲಿಯೇ. ಅವಧಿ ಎರಡು ವರ್ಷ; ತೆತ್ತ ಮೊತ್ತ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ; ವಕೀಲರೂ ಕಡ್ಡಾಯವಲ್ಲ.

ಬಿಲ್ಲು ಬಂದಾಗ ಇನ್ನೊಂದನ್ನು ನೋಡಬೇಕು. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ ಮೂರನೆಯ ಅನುಸೂಚಿಯು ಅಂತ್ಯಕ್ರಿಯೆ, ದಫನ, ಚಿತಾಗಾರ, ಶವಾಗಾರ ಮತ್ತು ಮೃತದೇಹದ ಸಾಗಣೆಯ ಸೇವೆಗಳನ್ನು ತೆರಿಗೆಯ ಹೊರಗಿಟ್ಟಿದೆ. ಆ ಸೇವೆಗಳಿಗೆ ಜಿಎಸ್‌ಟಿ ಹಾಕಿದ ಬಿಲ್ಲನ್ನು ಹಿಂದಿರುಗಿಸಲು ಅಳುಕಬೇಕಾಗಿಲ್ಲ. ಮರಣಕಾರಣದ ಪ್ರಮಾಣಪತ್ರಕ್ಕೆ ವೈದ್ಯರು ಶುಲ್ಕ ಪಡೆಯಕೂಡದೆಂದು 1969ರ ಜನನ ಮರಣ ನೋಂದಣಿ ಕಾಯಿದೆ ವಿಧಿಸಿದೆ. ಬಾಕಿ ಹಣಕ್ಕಾಗಿ ಆಸ್ಪತ್ರೆಯು ಮೃತದೇಹವನ್ನು ತಡೆದಿಡಬಾರದೆಂಬುದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿಯೂ ಇದೆ.

ಕಾನೂನಿನಲ್ಲಿ ಒಂದು ಬಿರುಕುಂಟು. ಪುಕ್ಕಟೆಯಾಗಿ ಕೊಟ್ಟ ಸೇವೆಯು ಗ್ರಾಹಕ ಕಾಯಿದೆಯ ಸೇವೆಯಲ್ಲ. ಆದುದರಿಂದ ನಗರಪಾಲಿಕೆಯು ಉಚಿತವಾಗಿ ನಡೆಸುವ ಚಿತಾಗಾರದಲ್ಲಿ ಯಾರಾದರೂ ಕೈ ಚಾಚಿದರೆ ಅದು ಗ್ರಾಹಕ ಆಯೋಗದ ವಿಷಯವಲ್ಲ, ಲಂಚದ ವಿಷಯ. ಮಹಾರಾಷ್ಟ್ರದಲ್ಲಿ ಭ್ರಷ್ಟಾಚಾರ ನಿಗ್ರಹ ದಳಕ್ಕೂ ನಮ್ಮಲ್ಲಿ ಲೋಕಾಯುಕ್ತಕ್ಕೂ ಸೇರಿದುದು. 2025ರಲ್ಲಿ ಬೆಂಗಳೂರಿನ ತಂದೆಯೊಬ್ಬರು ಮಗಳ ಸಾವಿನ ಬಳಿಕ ಆಂಬ್ಯುಲೆನ್ಸಿನಿಂದ ಚಿತಾಗಾರದವರೆಗೆ ಹೆಜ್ಜೆಹೆಜ್ಜೆಗೂ ಹಣ ತೆರಬೇಕಾಯಿತೆಂದು ಬಹಿರಂಗವಾಗಿ ಬರೆದಾಗ ಇಬ್ಬರು ಪೊಲೀಸರು ಅಮಾನತಾದರು. ಬರೆಯಬಲ್ಲವರಾದುದರಿಂದ ಅಷ್ಟಾದರೂ ಆಯಿತು. ಬರೆಯಲಾರದವರ ಪಾಡು ಹೇಳತೀರದು.

ಅಮೆರಿಕದಲ್ಲಿ 1984ರಿಂದಲೇ ಅಂತ್ಯಕ್ರಿಯೆಯ ಸಂಸ್ಥೆಗಳು ಬಿಡಿದರಗಳ ಪಟ್ಟಿಯನ್ನು ಕೇಳಿದವರ ಕೈಗೆ ಕೊಡಬೇಕು, ದೂರವಾಣಿಯಲ್ಲಿ ಕೇಳಿದರೂ ಬೆಲೆ ಹೇಳಬೇಕು. ಬ್ರಿಟನ್ನಿನಲ್ಲಿ 2021ರಿಂದ ಅಂಗಡಿಯಲ್ಲಿಯೂ ಜಾಲತಾಣದಲ್ಲಿಯೂ ಏಕರೂಪದ ದರಪಟ್ಟಿ ಪ್ರದರ್ಶಿಸಬೇಕು. ಸಾವನ್ನು ವ್ಯಾಪಾರವಾಗಿಸಿದ ದೇಶಗಳೆಂದು ನಾವು ಮೂಗು ಮುರಿಯುವ ಕಡೆಯೇ ಶೋಕಾರ್ತರಿಗೆ ಈ ರಕ್ಷಣೆಯಿದೆ. ಇಂಥ ಪ್ರತ್ಯೇಕ ನಿಯಮವು ನಮಗೂ ಅವಶ್ಯ. ಅದಕ್ಕೆ ಮುನ್ನ ನಾಗಪುರದಂಥ, ಬೆಂಗಳೂರಿನಂಥ ಪಾಲಿಕೆಗಳು ಪ್ರತಿಯೊಂದು ಘಾಟಿನ ಬಾಗಿಲಲ್ಲಿ ಯಾವುದು ಉಚಿತ, ಯಾವುದಕ್ಕೆಷ್ಟು ಎಂಬ ಫಲಕವನ್ನಾದರೂ ಹಾಕಿಸಲಿ.

ಸಾವಿನ ಮನೆಗೆ ಸಾಂತ್ವನ ಹೇಳಲು ಹೋಗುವವರಲ್ಲಿ ನನ್ನ ವಿನಂತಿಯೊಂದುಂಟು. ಕರ್ತೃವಿನ ಸ್ಥಾನದಲ್ಲಿರುವವನು ಬೆಲೆ ಕೇಳಲಾರ, ಕೇಳಬೇಕಾಗಿಯೂ ಬರಬಾರದು. ಆ ಭಾರವನ್ನು ನೀವು ಹೊತ್ತುಕೊಳ್ಳಿರಿ: ಇಬ್ಬರು ಮೂವರಿಗೆ ಕರೆ ಮಾಡಿ ದರ ವಿಚಾರಿಸಿ, ಬರಹದಲ್ಲಿ ಪಡೆದು, ಹಣಕ್ಕೆ ರಸೀತಿ ಪಡೆದಿಟ್ಟು, ಹದಿಮೂರು ದಿನ ಕಳೆದ ಮೇಲೆ ಮನೆಯವರ ಕೈಗೆ ಕೊಡಿರಿ, ಮೋಸವಾಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915 ಎಂಬುದನ್ನೂ ತಿಳಿಸಿರಿ.