ಅಪ್ಪನ ಚೂರಿ, ಅವರ ‘ಆ ಕಾಲ’



ಈ ವಾರ ಒಂದೇ ಬರಹ ಮೂರು ವಾಟ್ಸಾಪ್ ಗುಂಪುಗಳಿಂದ ನನಗೆ ಬಂತು. ಹಿಂದೆ ನಮ್ಮೂರಿನ ಪ್ರತಿ ಗಂಡಸಿನ ಸೊಂಟದಲ್ಲಿ ಒಂದು ಕತ್ತಿ ಇತ್ತಂತೆ, ಎಲ್ಲ ಕೆಲಸ ಅದರಲ್ಲೇ ಆಗುತ್ತಿತ್ತಂತೆ, ಈಗಿನ ಮಕ್ಕಳಿಗೆ ಒಂದು ಎಳನೀರು ಕೆತ್ತಲೂ ಬಾರದಂತೆ. ಕೊನೆಗೆ ‘ಆ ಕಾಲ ಮತ್ತೆ ಬಾರದು’ ಅಂತ ಒಂದು ಅಳುವ ಮುಖ. ‘ಬಾರದಿರಲಿ ಮಾರಾಯ್ರೆ’ ಅಂತ ಟೈಪ್ ಮಾಡಿದೆ, ಮತ್ತೆ ಅಳಿಸಿದೆ. ಯಾಕಂದ್ರೆ ಒಂದು ಚೂರಿ ನನ್ನ ಹತ್ತಿರವೂ ಉಂಟು.

ಅಪ್ಪನದ್ದು. ಅತ್ತೂರು ಸಾಂತ್‌ಮಾರಿಯಲ್ಲಿ ತೆಗೊಂಡದ್ದು, ಮರದ ಹಿಡಿಯ ಮಡಚು ಚೂರಿ. ಅಲಗು ಮೂರು ಇಂಚೂ ಇಲ್ಲ, ಕಲ್ಲಿಗೆ ಮಸೆದು ಮಸೆದು ನಡುವೆ ಸವೆದಿದೆ. ಅಡಿಕೆ ಹೋಳು ಮಾಡುವುದು, ಕಾಲಿನ ಮುಳ್ಳು ತೆಗೆಯುವುದು, ಬಾಳೆನಾರು ಸೀಳುವುದು, ನನ್ನ ಪೆನ್ಸಿಲ್ ಕೆತ್ತುವುದು ಎಲ್ಲ ಅದರಲ್ಲೇ. ಅಪ್ಪ ಕೆತ್ತಿದಂಥ ಮೊನೆ ಕ್ಲಾಸಿನಲ್ಲಿ ಯಾರ ಪೆನ್ಸಿಲಿಗೂ ಇರಲಿಲ್ಲ. ಹಾಳೆ ನೆನೆಸಿ ಮುಟ್ಟಾಳೆ ಮಾಡುವಾಗ ಅವರ ಕೈ ನೋಡಬೇಕಿತ್ತು. ಅಳತೆಪಟ್ಟಿ ಇಲ್ಲ, ತಲೆಯನ್ನು ಒಮ್ಮೆ ನೋಡಿದರೆ ಸಾಕು. ನನಗೆ ಅದು ಬರುವುದಿಲ್ಲ. ಬಿ.ಎ. ಮಾಡಿದ ಗುಮಾಸ್ತ ನಾನು, ಫೈಲಿಗೆ ದಾರ ಕಟ್ಟುತ್ತೇನೆ. ಅಪ್ಪನ ಕೈ ನನಗೆ ಬರಲಿಲ್ಲವಲ್ಲ ಅಂತ ಸಂಕಟ ಆಗುವುದು ನಿಜ, ಸುಳ್ಳು ಯಾಕೆ ಹೇಳಲಿ.

ಆದರೆ ಆ ಬರಹದಲ್ಲಿ ಇಲ್ಲದ ಒಂದು ಸಂಗತಿ ಉಂಟು. ಧಣಿಗಳ ಅಂಗಳಕ್ಕೆ ಹೋದರೆ ಅಪ್ಪ ಈ ಚೂರಿ ಹೊರಗೆ ತೆಗೆಯುತ್ತಿರಲಿಲ್ಲ. ಬೈರಾಸಿನ ಗಂಟಿನೊಳಗೇ ಇರುತ್ತಿತ್ತು. ಕೆಲಸದ ಕತ್ತಿ ಬೇರೆ, ಅದು ಧಣಿಗಳದ್ದು, ಸಂಜೆ ತೊಳೆದು ಕೊಟ್ಟಿಗೆಯ ಮಾಡಿಗೆ ಸಿಕ್ಕಿಸಿ ಬರಬೇಕು. ಕೂಲಿ ಕೇಳುವಾಗ ಮುಟ್ಟಾಳೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ದೂರ ನಿಲ್ಲಬೇಕು. ಈಗ ಅದೇ ಮುಟ್ಟಾಳೆಯನ್ನು ವೇದಿಕೆಯಲ್ಲಿ ಅತಿಥಿಗಳ ತಲೆಗೆ ಇಟ್ಟು ಫೋಟೊ ತೆಗೆಯುತ್ತಾರೆ. 1974ರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಭೂಮಿ ಸಿಕ್ಕಿತು, ಒಳ್ಳೆಯದೇ ಆಯಿತು. ಮೂಲದಾಳುಗಳ ಹತ್ತಿರ ಗೇಣಿಚೀಟಿ ಎಲ್ಲಿಂದ ಬರಬೇಕು? ಗದ್ದೆಯಲ್ಲಿ ಕತ್ತಿ ಹಿಡಿದವರಿಗೆ ಬಂದದ್ದು ಹೆಚ್ಚೆಂದರೆ ಮನೆಯಡಿಯ ನಾಲ್ಕೈದು ಸೆಂಟ್ಸ್. ಹಾಗಾಗಿ ‘ಆ ಕಾಲ’ ಅಂದಾಗ ಯಾರ ಕಾಲ ಅಂತ ಕೇಳುವುದು ನನಗೆ ಅಭ್ಯಾಸ ಆಗಿಹೋಗಿದೆ.

ಇನ್ನೊಂದು ನೋಡಿ. ಸತ್ತ ದನದ ಚರ್ಮ ತೂತು ಬೀಳದ ಹಾಗೆ ಬಿಡಿಸುವುದಕ್ಕೂ ಕೈಚಳಕ ಬೇಕು. ಅದೂ ಹಳೆಯ ಕೌಶಲ, ಅದಕ್ಕೂ ಒಂದು ಕತ್ತಿ ಉಂಟು. ಅದು ಹೋಯಿತು ಅಂತ ಯಾರಾದರೂ ಅಳುವ ಮುಖ ಹಾಕಿದ್ದು ಕಂಡಿದ್ದೀರಾ? 2016ರ ಜುಲೈಯಲ್ಲಿ ಗುಜರಾತಿನ ಊನಾದಲ್ಲಿ ಆ ಕೆಲಸ ಮಾಡಿದ ನಮ್ಮ ಹುಡುಗರನ್ನು ಕಾರಿಗೆ ಕಟ್ಟಿ ಹೊಡೆದರು. ಅದೇ ವರ್ಷ ಅಕ್ಟೋಬರಿನಲ್ಲಿ ಬೆಂಗಳೂರಿನಿಂದ ‘ಚಲೋ ಉಡುಪಿ’ ಹೊರಟು ಇಲ್ಲಿಗೆ ಬಂದಾಗ ನಿಮ್ಮಲ್ಲಿ ಎಷ್ಟೋ ಮಂದಿ ಜೊತೆಗಿದ್ದಿರಿ. ಆಹಾರದ ಜೊತೆಗೆ ನಾವು ಭೂಮಿಯನ್ನೂ ಕೇಳಿದ್ದೆವು. ಆ ಭೂಮಿಯ ಮಾತು ಈಗ ಎಲ್ಲಿಗೆ ಬಂತು ಅಂತ ನಮ್ಮೊಳಗೇ ಕೇಳಿಕೊಳ್ಳುವುದಿದೆ, ಅದನ್ನು ಬೇರೆಯೇ ಬರೆಯುತ್ತೇನೆ.

ಆಟಿ ಬಂತೆಂದರೆ ನಮ್ಮ ಶಿರ್ವ, ಕಾಪು, ಕಾರ್ಕಳದ ಕಡೆ ಹಾಲ್ ಹಾಲಿನಲ್ಲಿ ‘ಆಟಿಡೊಂಜಿ ದಿನ’. ತಜಂಕ್, ತೇವು, ಕಣಿಲೆ, ಹಲಸಿನ ಬೀಜ, ಇಪ್ಪತ್ತು ಬಗೆ ಬಡಿಸುತ್ತಾರೆ. ನಮ್ಮ ಅಜ್ಜಿಯಂದಿರು ಅದನ್ನೆಲ್ಲ ತಿಂದದ್ದು ಗದ್ದೆ ಕೆಲಸ ಮುಗಿದು, ಅಕ್ಕಿ ಮುಗಿದು, ಬೇರೆ ಏನೂ ಇಲ್ಲದ್ದಕ್ಕೆ. ಆಟಿ ಅಮಾವಾಸ್ಯೆಯ ಹಾಲೆ ಮರದ ತೊಗಟೆಗೆ ಕತ್ತಿ ತಾಗಿಸಬಾರದು, ಕಲ್ಲಿನಿಂದಲೇ ಜಜ್ಜಿ ತರಬೇಕು ಅಂತ ಮೈಕಿನಲ್ಲಿ ವಿವರಿಸುತ್ತಾರೆ. ಮುಂಜಾವ ಮಳೆಯಲ್ಲಿ ಹೋಗಿ ಜಜ್ಜಿ ತಂದವರು ಯಾರು ಅಂತ ವಿವರಿಸುವುದಿಲ್ಲ.

ಕಳೆದ ವರ್ಷ ಅಂಥದ್ದೇ ಒಂದು ಕಾರ್ಯಕ್ರಮದವರು ನನಗೆ ಫೋನ್ ಮಾಡಿದರು. “ನಿಮಗೆ ಕೊರಗ ಕಾಲನಿಯವರ ಪರಿಚಯ ಉಂಟಲ್ಲ, ಬುಟ್ಟಿ ಹೆಣೆಯುವ ಒಬ್ಬರನ್ನು ಕಳಿಸಿ, ಮಕ್ಕಳು ನೋಡ್ಲಿ.” ಸಂಬಳ ಎಷ್ಟು ಅಂದೆ. “ಊಟ ಉಂಟು, ಶಾಲು ಹೊದಿಸ್ತೇವೆ.” ಶಾಮಿಯಾನದವರಿಗೆ, ಮೈಕಿನವರಿಗೆ, ಅಡಿಗೆಯವರಿಗೂ ಶಾಲೋ ಅಂತ ಕೇಳಿದೆ. ಫೋನ್ ಇಟ್ಟರು. ಕೊರಗರನ್ನು ಪುಕ್ಕಟೆಯಾಗಿ, ಕೀಳಾಗಿ ದುಡಿಸಿಕೊಳ್ಳುವ ಅಜಲು ನಿಲ್ಲಿಸಲು 2000ದಲ್ಲಿ ಕಾನೂನೇ ತರಬೇಕಾಯಿತು. ಊಟ ಕೊಟ್ಟು ಕೆಲಸ ಮಾಡಿಸುವ ಬುದ್ಧಿ ಮಾತ್ರ ಈಗ ಶಾಲು ಹೊದ್ದು ಬರುತ್ತದೆ.

ಕಾಲನಿಯ ದೊಡ್ಡಮ್ಮನಿಗೆ ಈ ವಿಷಯ ಹೇಳಿದೆ. ಅವರಿಗೆ ಸಿಟ್ಟೂ ಬರಲಿಲ್ಲ. ಬಿದಿರು ಸೀಳುತ್ತಾ, “ಕಲಿಸ್ಲಿಕ್ಕೆ ನಂಗೆ ಬೇಜಾರಿಲ್ಲ ಮಗಾ. ಬಳ್ಳಿ ತರ್ಲಿಕ್ಕೆ ಕಾಡಿಗೆ ಬಿಡ್ತಾರಾ ಕೇಳು. ತಡ್ಪೆಗೆ ಐವತ್ತು ಜಾಸ್ತಿ ಹೇಳಿದ್ರೆ ಪ್ಲಾಸ್ಟಿಕಿಂದು ಸಾಕು ಅಂತಾರೆ” ಅಂದರು.

ಮಲ್ಲಿಗೆ ಕಟ್ಟುವುದೂ ಹಳೆಯ ಕೌಶಲವೇ ಅಲ್ವಾ? ಶಂಕರಪುರ ನಮಗೆ ದೂರವಿಲ್ಲ. ಬಾಳೆನಾರಿನಲ್ಲಿ 800 ಹೂ ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅದು ಅಳಿದುಹೋಯಿತು ಅಂತ ಯಾರೂ ಅಳುವುದಿಲ್ಲ, ಯಾಕೆಂದರೆ ದಿನಾ ಬೆಳಗ್ಗೆ ಅಟ್ಟೆಗೆ ಇಷ್ಟು ಅಂತ ದರ ನಿಗದಿಯಾಗುತ್ತದೆ. ಬುಟ್ಟಿಗೆ ಯಾವತ್ತು ದರ ನಿಗದಿಯಾಗಿತ್ತು? ಧಣಿಗಳು ಕೊಟ್ಟದ್ದೇ ದರ. ನಮ್ಮ ಮಕ್ಕಳು ಬಿದಿರು ಬಿಟ್ಟು ಆಫೀಸಿಗೆ, ಮುಂಬಯಿಗೆ, ಗಲ್ಫಿಗೆ ಹೋದದ್ದು ಸೋಮಾರಿತನದಿಂದ ಅಲ್ಲ.

ಕತ್ತಿಯ ಗೌರವವೂ ಹಾಗೆಯೇ, ಹಿಡಿದ ಕೈಯನ್ನು ನೋಡಿ ಬರುತ್ತದೆ. ಕೊಡವರು ಕುಪ್ಪಸದ ಮೇಲೆ ಚೇಲೆ ಕಟ್ಟಿ ಪೀಚೆಕತ್ತಿ ಸಿಕ್ಕಿಸಿದರೆ ನೋಡಲಿಕ್ಕೆ ಚಂದವೇ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಗೇ ಲೈಸೆನ್ಸಿನಿಂದ ವಿನಾಯಿತಿ ಉಂಟು. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಸಿಖ್ಖರ ಕಿರ್ಪಾಣ ಸಂವಿಧಾನದ 25ನೇ ವಿಧಿಯಲ್ಲೇ ಇದೆ. ಇರಲಿ, ನನಗೆ ಹೊಟ್ಟೆಕಿಚ್ಚಿಲ್ಲ. ನನ್ನದು ಬೇರೆ ಕಥೆ. ಒಂದು ಪ್ರತಿಭಟನೆ ಮುಗಿಸಿ ಬರುವಾಗ ಪೊಲೀಸಿನವರೊಬ್ಬರು ಬ್ಯಾಗ್ ತೆರೆಸಿದರು. ನೀಲಿ ಶಾಲು, ಟಿಫಿನ್ ಡಬ್ಬಿ, ಅಪ್ಪನ ಚೂರಿ. “ಇದು ಯಾಕೆ ನಿಂಗೆ?” ಅಲ್ಲಿಯವರೆಗೆ ‘ನೀವು’ ಇತ್ತು, ಶಾಲು ಕಂಡ ಮೇಲೆ ‘ನೀನು’ ಆಯಿತು. ಆಯುಧ ನಿಯಮಗಳಲ್ಲಿ ಬರುವುದು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗು, ಮನೆಗೆಲಸದ್ದೂ ಕೃಷಿಯದ್ದೂ ಅದರಲ್ಲಿ ಸೇರುವುದಿಲ್ಲ ಅಂತ ನನಗೆ ಗೊತ್ತಿತ್ತು. ಹೇಳಲಿಲ್ಲ. “ಅಡಿಕೆಗೆ ಸರ್” ಅಂದೆ. ನಾನು ಎಲೆಯಡಿಕೆ ತಿನ್ನುವವನೇ ಅಲ್ಲ. ಅವತ್ತು ನನ್ನ ಚೂರಿಯೂ ಅಪ್ಪನ ಬೈರಾಸಿನ ಗಂಟಿಗೇ ವಾಪಸ್ಸು ಹೋಯಿತು.

ಮೊನ್ನೆ ಅದೇ ಕಾರ್ಯಕ್ರಮದವರು ಈ ವರ್ಷದ ಆಟಿಗೆ ಮತ್ತೆ ಮೆಸೇಜ್ ಹಾಕಿದರು. ಈ ಸಲ ದೊಡ್ಡಮ್ಮನನ್ನು ಕೇಳಿಯೇ ಉತ್ತರ ಬರೆದೆ: ದಿನಕ್ಕೆ ಮೇಸ್ತ್ರಿಯ ಸಂಬಳ, ಬಿದಿರು ಬಳ್ಳಿಯ ಖರ್ಚು ಬೇರೆ, ಹೋಗಿ ಬರಲು ರಿಕ್ಷಾ, ಹೆಣೆದ ಬುಟ್ಟಿ ಅವರದ್ದೇ, ಬೇಕಾದವರು ಹಣ ಕೊಟ್ಟು ತೆಗೊಳ್ಳಬೇಕು. ಶಾಲು ಬೇಡ. ನೀಲಿ ಟಿಕ್ ಬಿದ್ದು ನಾಲ್ಕು ದಿನ ಆಯಿತು, ಉತ್ತರ ಬಂದಿಲ್ಲ.