ನಾಕುತಂತಿಗೆ ಸಿಕ್ಕಿದ್ದು ಸೊನ್ನೆ!

"ಕನ್ನಡದಲ್ಲಿ ಸರ್ಚ್ ಸರಿಯಾಗಿ ಆಗಲ್ಲ ಸಾರ್, ಅದು ಲ್ಯಾಂಗ್ವೇಜ್ ಪ್ರಾಬ್ಲಮ್ಮು. ಟೈಟಲ್ಲನ್ನೆಲ್ಲ ಇಂಗ್ಲಿಷಲ್ಲಿ ಎಂಟ್ರಿ ಮಾಡಿಸಿಬಿಡಿ."

ಈ ಮಾತನ್ನು ನಾನು ಕೇಳಿರುವುದು ಎಷ್ಟನೇ ಸಲವೋ ಲೆಕ್ಕವಿಟ್ಟಿಲ್ಲ. ಹೇಳುವವರು ಬದಲಾಗುತ್ತಾರೆ, ಮಾತು ಮಾತ್ರ ಅದೇ. ಈ ಸಲ ಹೇಳಿದ್ದು ಒಂದು ಸಣ್ಣ ಟ್ರಸ್ಟಿನ ಗ್ರಂಥಾಲಯಕ್ಕೆ ಸಾಫ್ಟ್‌ವೇರ್ ಮಾರಿದ ಪುಣ್ಯಾತ್ಮರು. (ಹೆಸರು ಬೇಡ. ಹೆಸರು ಹೇಳಿದರೆ ಅವರೊಬ್ಬರದೇ ತಪ್ಪು ಅಂತಾಗುತ್ತದೆ, ಹಾಗಿಲ್ಲ.) ಗ್ರಂಥಾಲಯದವರು ಪಾಪ ನಂಬಿದ್ದರು ಕೂಡ. ಇರುವ ಕನ್ನಡ ಪುಸ್ತಕಗಳನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಮತ್ತೆ ಟೈಪು ಮಾಡಿಸುವುದಕ್ಕೆ ಕೊಟೇಶನ್ ತರಿಸಿಕೊಂಡಾಗಿತ್ತು. ಅಷ್ಟರಲ್ಲಿ "ನೀನು ಸಾಫ್ಟ್‌ವೇರಿನವನಲ್ವೇನಪ್ಪ, ಒಂದ್ಸಲ ನೋಡು" ಅಂತ ನನ್ನನ್ನು ಕರೆದರು. ನೋಡಿದೆ. ರಿಪೇರಿಯನ್ನೂ ಮಾಡಿದೆ. ಅದರಲ್ಲಿ ಭಾಷೆಯ ತಪ್ಪು ಒಂದೂ ಇರಲಿಲ್ಲ ಸ್ವಾಮಿ, ಒಂದೂ ಇರಲಿಲ್ಲ. ಇದ್ದದ್ದು ಕ್ವೆರಿಯ ತಪ್ಪು, ಟೇಬಲ್ ಕಟ್ಟಿದವರ ತಪ್ಪು. ಅದನ್ನು ಬಿಡಿಸಿ ಹೇಳುವುದಕ್ಕೇ ಈ ಬರಹ.

ಮೊದಲಿಗೆ, ಇದೇನು ಅಂಥಾ ದೊಡ್ಡ ವಿಷಯ ಅನ್ನುವವರಿಗೆ. ಕೌಂಟರಿನಲ್ಲಿ ಕೂತವರು ಕಂಪ್ಯೂಟರಿನಲ್ಲಿ ಹುಡುಕುತ್ತಾರೆ, ಅದು "ಇಲ್ಲ" ಅನ್ನುತ್ತದೆ, ಅವರೂ "ಇಲ್ಲ" ಅನ್ನುತ್ತಾರೆ. ಪುಸ್ತಕ ಮೂರನೇ ಕಪಾಟಿನಲ್ಲಿ ತಣ್ಣಗೆ ಕೂತಿರುತ್ತದೆ. ಇದೇ ಸಾಫ್ಟ್‌ವೇರಿನಲ್ಲಿ ಇನ್ನೊಂದು ವರದಿ ಇದೆ: ಐದು ವರ್ಷದಿಂದ ಯಾರೂ ತೆಗೆದುಕೊಂಡು ಹೋಗದ ಪುಸ್ತಕಗಳ ಪಟ್ಟಿ. ಜಾಗ ಇಲ್ಲ ಅಂತಾದಾಗ ಆ ಪಟ್ಟಿ ಹಿಡಿದೇ ಪುಸ್ತಕ ಹೊರಗೆ ಹಾಕುವುದು. ಹುಡುಕಿದರೆ ಸಿಗದ ಪುಸ್ತಕವನ್ನು ಯಾರು ತಾನೇ ತೆಗೆದುಕೊಂಡು ಹೋಗುತ್ತಾರೆ? ಹೀಗಾಗಿ ಒಂದು ತಪ್ಪು ಕ್ವೆರಿ ಪುಸ್ತಕವನ್ನು ಸೀದಾ ಗುಜರಿಯವನ ಗಾಡಿಗೆ ತಂದು ನಿಲ್ಲಿಸುತ್ತದೆ. ನಾನು ನೋಡಿದಾಗ ಆ ಪಟ್ಟಿಯಲ್ಲಿ ಬೇಂದ್ರೆಯವರ ನಾಕುತಂತಿ ಇತ್ತು. 1973ರ ಜ್ಞಾನಪೀಠ ತಂದುಕೊಟ್ಟ ಪುಸ್ತಕ!

ಈಗ ನಾಕುತಂತಿಯ ಕಥೆಯನ್ನೇ ನೋಡಿ. ಹುಡುಕುವ ಜಾಗದಲ್ಲಿ ಸರಿಯಾಗಿಯೇ ಟೈಪು ಮಾಡಿದೆ. ಫಲಿತಾಂಶ ಸೊನ್ನೆ. ಬರೀ "ನಾಕು" ಅಂತ ಹೊಡೆದೆ, ಪುಸ್ತಕ ಪ್ರತ್ಯಕ್ಷ. ತೆರೆಯ ಮೇಲೆ ಎರಡಕ್ಕೂ ಒಂದು ಕೂದಲಿನಷ್ಟೂ ವ್ಯತ್ಯಾಸ ಕಾಣಲಿಲ್ಲ. ಅಕ್ಷರ ಅಕ್ಷರ ಬಿಡಿಸಿ ನೋಡಿದಾಗ ಗೊತ್ತಾಯಿತು, ದಾಖಲೆಯಲ್ಲಿ ಇದ್ದದ್ದು "ನಾಕುತ೦ತಿ". ಇಲ್ಲಿ ತ ಆದಮೇಲೆ ಇರುವುದು ಅನುಸ್ವಾರವಲ್ಲ, ಕನ್ನಡದ ಅಂಕಿ ಸೊನ್ನೆ. ನಮ್ಮ ಕಣ್ಣಿಗೆ ಎರಡೂ ಒಂದೇ ಉರುಟು. ನಾವು ಬಾಯಲ್ಲೂ ಅನುಸ್ವಾರವನ್ನು ಸೊನ್ನೆ ಅಂತಲೇ ಕರೆಯುತ್ತೇವಲ್ಲ, ಟೈಪು ಮಾಡಿದವರೂ ಸೊನ್ನೆಯನ್ನೇ ಒತ್ತಿದ್ದಾರೆ. ಯೂನಿಕೋಡಿನಲ್ಲಿ ಮಾತ್ರ ಎರಡರ ಮನೆ ಬೇರೆ ಬೇರೆ. ಅನುಸ್ವಾರ ಕನ್ನಡದ ಕೇರಿ ಶುರುವಾಗುವಲ್ಲೇ ಇದೆ, ಸ್ವರಗಳಿಗಿಂತಲೂ ಮುಂಚೆ. ಅಂಕಿಗಳು ಕೇರಿಯ ಆ ತುದಿಯಲ್ಲಿ.

ಕಂಬಾರ, ಪಂಪ, ಕುವೆಂಪು, ಕಾರಂತ, ಬೇಂದ್ರೆ, ಅನಂತಮೂರ್ತಿ... ನಮ್ಮ ಸಾಹಿತಿಗಳ ಹೆಸರಲ್ಲಿ ಎಷ್ಟು ಸೊನ್ನೆ ಇದೆ ಲೆಕ್ಕ ಹಾಕಿ. (ಬ್ಲಾಗಿಗ ಮಿತ್ರರೇ, ನಗಬೇಡಿ. ನಿಮ್ಮ ಹಳೆಯ ಪೋಸ್ಟುಗಳನ್ನು ಒಮ್ಮೆ ತೆಗೆದು ನೋಡಿ. "ಬೆ೦ಗಳೂರು" ಅಂತ ಎಷ್ಟು ಕಡೆ ಇದೆಯೋ!)

ಇದರ ಅಣ್ಣ ಇನ್ನೊಬ್ಬನಿದ್ದಾನೆ, ಅಂಕಿ ಒಂಬತ್ತು. ಅರ್ಕಾವತ್ತು ಹಾಕುವುದು ಹೇಗೆ ಅಂತ ಗೊತ್ತಾಗದವರು ಅದೇ ಆಕಾರದ ೯ ಒತ್ತಿಬಿಡುತ್ತಾರೆ. "ಕನಾ೯ಟಕ". ಓದುವವರಿಗೆ ಏನೂ ತೊಂದರೆಯಿಲ್ಲ, ಕಂಪ್ಯೂಟರಿಗೆ ಅದು ಕನಾ-ಒಂಬತ್ತು-ಟಕ. ಇದು ಸೊನ್ನೆಗಿಂತ ಕಷ್ಟ. ಸೊನ್ನೆಯನ್ನು ಇದ್ದಲ್ಲೇ ಬದಲಿಸಿದರೆ ಸಾಕು. ಒಂಬತ್ತನ್ನು ತೆಗೆದು, ಹಿಂದಿನ ಅಕ್ಷರವನ್ನು ದಾಟಿ, ಅದರ ಮುಂದೆ ರ್ ಕೂರಿಸಬೇಕು. ಯಾಕೆಂದರೆ ನಾವು ಅರ್ಕಾವತ್ತನ್ನು ಬರೆಯುವುದು ಆಮೇಲೆ, ಉಚ್ಚರಿಸುವುದು ಮೊದಲು. ಯೂನಿಕೋಡಿನಲ್ಲಿ ಇರುವುದು ಉಚ್ಚಾರದ ಕ್ರಮ.

ಇನ್ನು ದೀರ್ಘ. "ಬೆಟ್ಟದ ಜೀವ"ದ ಜೀ ಇದೆಯಲ್ಲ, ಅದನ್ನು ಒಂದೇ ದೀರ್ಘ ಈಕಾರದ ಗುರುತಿನಿಂದಲೂ ಬರೆಯಬಹುದು, ಹ್ರಸ್ವ ಗುಡಿಸು ಹಾಕಿ ಪಕ್ಕಕ್ಕೆ ಬೇರೆಯದೇ ಆದ ದೀರ್ಘದ ಕೊಂಬೊಂದನ್ನು ಸೇರಿಸಿಯೂ ಬರೆಯಬಹುದು. ಎರಡೂ ಸಮಾನ ಅಂತ ಯೂನಿಕೋಡೇ ಹೇಳುತ್ತದೆ, ಒಂದನ್ನು ಇನ್ನೊಂದಕ್ಕೆ ತರುವ ವಿಧಾನವನ್ನೂ ಕೊಟ್ಟಿದೆ. ನಾರ್ಮಲೈಸೇಶನ್ ಅಂತ ಅದರ ಹೆಸರು. ಪಿ.ಎಚ್.ಪಿ.ಯಲ್ಲಿ ಅದಕ್ಕೆ ಒಂದು ಸಾಲು ಸಾಕು. ಆ ಒಂದು ಸಾಲನ್ನು ಬರೆಯದೆ, ಭಾಷೆಯ ಮೇಲೆ ಅಪವಾದ ಹೊರಿಸಿದರೆ ಏನನ್ನಬೇಕು?

ಕಣ್ಣಿಗೆ ಕಾಣದ ಅಕ್ಷರವೊಂದೂ ಇದೆ. "ಸಾಫ್ಟ್‌ವೇರ್" ಅಂತ ಬರೆದಾಗ ಟ್‌ಗೆ ವ ಒತ್ತಾಗಿ ಅಂಟಿಕೊಳ್ಳದ ಹಾಗೆ ಮಧ್ಯೆ ನಿಂತು ತಡೆಯುವ ಶೂನ್ಯ ಅಗಲದ ಗುರುತು. ಅದು ಪದದ ಮಧ್ಯೆ ಇದ್ದರೆ ಕೆಲಸ ಮಾಡುತ್ತದೆ, ಪದದ ಕೊನೆಯಲ್ಲಿ ಕೂತರೆ ಏನೂ ಮಾಡುವುದಿಲ್ಲ, ಕಾಣುವುದೂ ಇಲ್ಲ. ಆದರೆ ಇರುತ್ತದೆ! ಹಳೆಯ ಫಾಂಟುಗಳಿಂದ ಯೂನಿಕೋಡಿಗೆ ಪರಿವರ್ತಿಸಿದ ದಾಖಲೆಗಳಲ್ಲಿ ಇದು ಬೇಕಾದಲ್ಲಿ ಬೇಡದಲ್ಲಿ ಚೆಲ್ಲಿತ್ತು. ಡೇಟಾಬೇಸಿನ ಲೈಕ್ ಅನ್ನುವ ಹೋಲಿಕೆ ಅಕ್ಷರಕ್ಕೆ ಅಕ್ಷರ ತಾಳೆ ನೋಡುತ್ತದೆ, ಒಂದು ಹೆಚ್ಚಾದರೂ ಸಿಗಲಿಲ್ಲ ಅಂತಲೇ ಲೆಕ್ಕ.

ಇಷ್ಟೂ ಹುಡುಕಾಟದ ತೊಂದರೆ. ಇದಕ್ಕಿಂತ ನನಗೆ ಸಿಟ್ಟು ಬಂದದ್ದು ಟೇಬಲ್ ನೋಡಿದಾಗ. ಮೈಎಸ್‌ಕ್ಯೂಎಲ್ ಡೇಟಾಬೇಸು. 2018ರಲ್ಲಿ 8.0 ಆವೃತ್ತಿ ಬರುವವರೆಗೂ ಅದರಲ್ಲಿ ನೀವು ಏನೂ ಹೇಳದೆ ಟೇಬಲ್ ಮಾಡಿದರೆ ಅಕ್ಷರಗಳು ಲ್ಯಾಟಿನ್-1 ಲಿಪಿಯವು, ಅಕಾರಾದಿ ಕ್ರಮ ಸ್ವೀಡಿಷ್ ಭಾಷೆಯದು! ಅದನ್ನು ಮಾಡಿದ ಕಂಪನಿ ಸ್ವೀಡನ್ನಿನದು, ಅವರ ಭಾಷೆ ಅವರು ಇಟ್ಟುಕೊಂಡರು, ತಪ್ಪೇನಿಲ್ಲ. ಆದರೆ ಯೂನಿಕೋಡ್ ಬೇಕೆಂದು ಹೇಳುವ ಸೌಲಭ್ಯ 2004ರ 4.1 ಆವೃತ್ತಿಯಿಂದಲೇ ಇತ್ತು. ಯೂನಿಕೋಡಿನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ನಮ್ಮ ಮಾರಾಟಗಾರರು ಒಂದು ಪದ ಬರೆದಿದ್ದರೆ ಸಾಕಿತ್ತು, ಬರೆಯಲಿಲ್ಲ. ಕನ್ನಡದ ಗ್ರಂಥಾಲಯಕ್ಕೆ ಸ್ವೀಡಿಷ್ ಕಪಾಟು ಮಾರಿದರು.

ಪರಿಣಾಮ ಕೇಳಿ. ಲ್ಯಾಟಿನ್-1ರಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರ, ಪ್ರತಿ ಗುಣಿತದ ಗುರುತು, ಪ್ರತಿ ಹಲಂತ ಮೂರು ಮೂರು ಬೈಟು. ಶೀರ್ಷಿಕೆಗೆ ಇವರು ಇಟ್ಟ ಜಾಗ 50. "ಮಲೆಗಳಲ್ಲಿ ಮದುಮಗಳು" 49 ಬೈಟು, ಒಂದು ಬೈಟಿನಲ್ಲಿ ಬಚಾವಾಗಿ ಒಳಗೆ ಕೂತಿದ್ದಳು. ಕಾರಂತರ "ಹುಚ್ಚು ಮನಸ್ಸಿನ ಹತ್ತು ಮುಖಗಳು" 75 ಬೈಟು. ಡೇಟಾಬೇಸಿನಲ್ಲಿ ಉಳಿದದ್ದು "ಹುಚ್ಚು ಮನಸ್ಸಿನ ಹತ್". ಅಷ್ಟೇ. ಹತ್ತು ಮುಖಗಳೂ ಮಾಯ, ಹತ್ತರಲ್ಲೂ ಅರ್ಧ! ಆ ಹಳೆಯ ಆವೃತ್ತಿ ಹೀಗೆ ಕತ್ತರಿಸುವಾಗ ತಪ್ಪು ಅಂತ ನಿಲ್ಲಿಸುತ್ತಿರಲಿಲ್ಲ, ಒಂದು ಎಚ್ಚರಿಕೆ ಗೊಣಗಿ ಮುಂದೆ ಹೋಗುತ್ತಿತ್ತು. ಆ ಎಚ್ಚರಿಕೆಯನ್ನು ಈ ಪ್ರೋಗ್ರಾಮು ಯಾರಿಗೂ ತೋರಿಸಲೇ ಇಲ್ಲ.

ರಿಪೇರಿಗೆ ಬರೋಣ. ಆ ಕಂಬಸಾಲನ್ನು ಸೀದಾ ಯೂನಿಕೋಡಿಗೆ ಬದಲಿಸಬೇಡಿ, ಬೈಟುಗಳನ್ನೆಲ್ಲ ಸ್ವೀಡಿಷ್ ಅಕ್ಷರ ಅಂದುಕೊಂಡು ಮತ್ತೊಮ್ಮೆ ಪರಿವರ್ತಿಸಿ ಚಿತ್ರಾನ್ನ ಮಾಡಿಡುತ್ತದೆ. ಮೊದಲು ಬರೀ ಬೈನರಿ ಮಾಡಿ, ಆಮೇಲೆ ಯುಟಿಎಫ್-8 ಅಂತ ಘೋಷಿಸಬೇಕು. ಮೊದಲು ಬ್ಯಾಕಪ್, ಹೇಳಬೇಕಿಲ್ಲವಲ್ಲ. ಜಾಗವನ್ನೂ ದೊಡ್ಡದು ಮಾಡಿದೆ. ಕತ್ತರಿಸಿಹೋದ ಶೀರ್ಷಿಕೆಗಳಿಗೆ ಮದ್ದಿಲ್ಲ, ಪುಸ್ತಕ ತೆಗೆದು ನೋಡಿಯೇ ಟೈಪಿಸಬೇಕು. ಗ್ರಂಥಪಾಲಕಿ ಮತ್ತು ಇಬ್ಬರು ಕಾಲೇಜು ಹುಡುಗರು ಅದನ್ನು ಮಾಡಿದರು.

ಹುಡುಕಾಟಕ್ಕೆ ಬೇರೆಯೇ ಒಂದು ಕಂಬಸಾಲು ಸೇರಿಸಿದೆ. ತೋರಿಸುವ ಶೀರ್ಷಿಕೆ ಇದ್ದಂತೆಯೇ ಇರಲಿ. ಹುಡುಕುವ ಕಂಬಸಾಲಿನಲ್ಲಿ ದೀರ್ಘ ಸರಿಪಡಿಸಿದ, ಕಾಣದ ಗುರುತು ಕಿತ್ತುಹಾಕಿದ, ಸೊನ್ನೆಯನ್ನು ಅನುಸ್ವಾರ ಮಾಡಿದ ರೂಪ. ಓದುಗ ಟೈಪು ಮಾಡಿದ್ದನ್ನೂ ಇದೇ ಜರಡಿಯಲ್ಲಿ ಸೋಸಿ, ಆಮೇಲೆ ತಾಳೆ ನೋಡುವುದು. ಸೊನ್ನೆಯ ನಿಯಮ ಸುಲಭ: ಅಕ್ಷರದ ಅಥವಾ ಗುಣಿತದ ಬೆನ್ನಿಗೆ ಬಂದ ಸೊನ್ನೆ ಅನುಸ್ವಾರ, ಅಂಕಿಯ ಬೆನ್ನಿಗೆ ಬಂದದ್ದು ಸೊನ್ನೆಯೇ. ೨೦೦೫ಕ್ಕೆ ಏನೂ ಆಗುವುದಿಲ್ಲ. ಎಲ್ಲ ಸೇರಿ ಐವತ್ತು ಸಾಲು ದಾಟಲಿಲ್ಲ. "ಹಾಗಾದರೆ ಲ-ಳ, ಅಲ್ಪಪ್ರಾಣ-ಮಹಾಪ್ರಾಣ ಎಲ್ಲವನ್ನೂ ಒಂದು ಮಾಡಿಬಿಡಿ, ತಪ್ಪು ಬರೆದವರಿಗೂ ಸಿಗಲಿ" ಅಂದರು ಒಬ್ಬರು. ನಾನು ಒಪ್ಪಲಿಲ್ಲ. ಯಂತ್ರದ ಗೊಂದಲ ಬಿಡಿಸುವುದು ಬೇರೆ, ಕಾಲ ಮತ್ತು ಕಾಳ ಒಂದೇ ಅನ್ನುವುದು ಬೇರೆ.

ಈಗ ಆ ಇಂಗ್ಲಿಷ್ ಎಂಟ್ರಿಯ ಸಲಹೆ. ಲೇಖಕರ ಹೆಸರಿಗೆ ಅದು ಒಂದು ಮಟ್ಟಿಗೆ ನಡೆಯುತ್ತದೆ, ಒಪ್ಪುತ್ತೇನೆ, ಹೆಚ್ಚಿನವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಒಂದೇ ರೀತಿ ಬರೆಯುತ್ತಾರೆ. ಶೀರ್ಷಿಕೆಗೆ? "ಕಾನೂರು ಹೆಗ್ಗಡಿತಿ"ಯ ಕಾಗೆ ಒಂದು ಎ ಹಾಕಬೇಕೋ ಎರಡೋ? ನೂಗೆ ಯು ಬೇಕೋ ಡಬಲ್ ಓ ಬೇಕೋ? ತಿಗೆ ಎಚ್ ಇದೆಯೋ ಇಲ್ಲವೋ? ಎರಡೆರಡು ದಾರಿಯ ಮೂರು ಕವಲು, ಅಲ್ಲಿಗೇ ಎಂಟು ಬಗೆ ಆಯಿತು. ಚುಕ್ಕೆ ಗೆರೆ ಹಾಕಿ ಕರಾರುವಾಕ್ಕಾಗಿ ಬರೆಯುವ ಐಎಸ್ಒ 15919 ಎಂಬ ಮಾನಕ 2001ರಿಂದ ಇದೆ, ಆದರೆ ಕೌಂಟರಿನಲ್ಲಿ ನಿಂತು ಪುಸ್ತಕ ಕೇಳುವ ಯಾರು ಹಾಗೆ ಟೈಪು ಮಾಡುತ್ತಾರೆ ಹೇಳಿ? ಒಂದು ಸೊನ್ನೆಯ ಗೊಂದಲ ತಪ್ಪಿಸಲು ಎಂಟು ಗೊಂದಲ ಕೊಂಡುಕೊಳ್ಳುವುದು, ಅದಕ್ಕೆ ದುಡ್ಡನ್ನೂ ತೆರುವುದು!

ನ್ಯೂಜಿಲೆಂಡಿನ ಹೊರೊವೆನುವ ಎಂಬ ಊರುಗಳ ಪುಟ್ಟ ಗ್ರಂಥಾಲಯ ಟ್ರಸ್ಟು 2000ದ ಜನವರಿಯಲ್ಲಿ ತನಗೆ ಬೇಕಾದ ಸಾಫ್ಟ್‌ವೇರನ್ನು ಬರೆಸಿ ಬಳಕೆಗೆ ತಂದಿತು, ಮೂಲ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಅದೇ ಕೋಹಾ. ಮಾವೋರಿ ಭಾಷೆಯಲ್ಲಿ ಉಡುಗೊರೆ ಅಂತ ಅರ್ಥ. ಇವತ್ತು ನಮ್ಮ ಎಷ್ಟೋ ಕಾಲೇಜುಗಳಲ್ಲಿ ನಡೆಯುತ್ತಿರುವುದು ಅದೇ. ನಮ್ಮವರಿಗೆ ನಾನು ಹೇಳುವುದು ಇಷ್ಟು: ಯಾವುದನ್ನೇ ಕೊಳ್ಳಿ, ದುಡ್ಡು ಕೊಡುವ ಮುಂಚೆ ಮಾರಾಟಗಾರರ ಎದುರಿಗೇ "ಹುಚ್ಚು ಮನಸ್ಸಿನ ಹತ್ತು ಮುಖಗಳು" ಅಂತ ಸೇರಿಸಿ, ಹೊರಗೆ ಬಂದು, "ಮುಖಗಳು" ಅಂತ ಹುಡುಕಿ. ಎರಡು ನಿಮಿಷದ ಕೆಲಸ. ಸಿಗದಿದ್ದರೆ ಚಹಾ ಕುಡಿಸಿ ಕಳಿಸಿಬಿಡಿ.

ಕೊಟೇಶನ್ ರದ್ದಾಗಿದೆ. ನಾಕುತಂತಿ ಸಿಗುತ್ತಿದೆ. ಉಳಿದಿರುವುದು ಒಂಬತ್ತಿನ ತಕರಾರು. "ಕವಿರಾಜಮಾಗ೯" ಕವಿರಾಜಮಾರ್ಗವಾಗಬೇಕು, ಸರಿ. ಆದರೆ ಜಾಗ ಬಿಡದೆ "ಭಾಗ೯" ಅಂತ ಬರೆದದ್ದು, ಅಂದರೆ ಒಂಬತ್ತನೇ ಭಾಗ, ಅದೇ ನಿಯಮದಲ್ಲಿ "ಭಾರ್ಗ" ಆಗಿಬಿಡುತ್ತದೆ! ಹಾಗಾಗಿ ಪದದ ಮಧ್ಯದ ಒಂಬತ್ತನ್ನು ಮಾತ್ರ ಯಂತ್ರಕ್ಕೆ ಬಿಟ್ಟು, ಕೊನೆಯಲ್ಲಿ ಬಂದದ್ದನ್ನೆಲ್ಲ ಪಟ್ಟಿ ಮಾಡಿ ಗ್ರಂಥಪಾಲಕಿಗೆ ಕೊಟ್ಟಿದ್ದೇನೆ. ಕೆಂಪು ಪೆನ್ನು ಹಿಡಿದು ನೋಡುತ್ತಿದ್ದಾರೆ. ಇದಕ್ಕಿಂತ ಒಳ್ಳೆಯ ನಿಯಮ ಯಾರಿಗಾದರೂ ಹೊಳೆದರೆ ಕಾಮೆಂಟಿನಲ್ಲಿ ಬರೆಯಿರಿ. ಆ ಐವತ್ತು ಸಾಲು ಬೇಕಿದ್ದವರೂ ಕೇಳಿ, ಕಳಿಸುತ್ತೇನೆ.