ಜಿನೀವಾದ ಶಾಲೆ ಬಳಗವಾದ ಬಗೆ

ಜಿನೀವಾದ ಅಂತಾರಾಷ್ಟ್ರೀಯ ಶಾಲೆಯನ್ನು ಹುಟ್ಟಿಸಿದ್ದು ಆದರ್ಶವೊಂದೇ ಅಲ್ಲ, ಸಂಸಾರಸ್ಥರ ತಾಪತ್ರಯವೂ ಹೌದು. ಮೊದಲ ಮಹಾಯುದ್ಧ ಮುಗಿದು ರಾಷ್ಟ್ರಸಂಘ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಆ ಊರಿನಲ್ಲಿ ನೆಲೆಯೂರಿದಾಗ, ಹತ್ತಾರು ದೇಶಗಳ ಅಧಿಕಾರಿಗಳು ಹೆಂಡತಿ ಮಕ್ಕಳೊಂದಿಗೆ ಬಂದಿಳಿದರು. ಅಲ್ಲಿನ ಶಾಲೆಗಳಲ್ಲಿ ಪಾಠ ಫ್ರೆಂಚಿನಲ್ಲಿ, ಸ್ವಿಸ್ ಪಠ್ಯಕ್ರಮದಲ್ಲಿ. ಮಕ್ಕಳೋ ನಾಲ್ಕೈದು ವರ್ಷಕ್ಕೆ ತಮ್ಮ ದೇಶಕ್ಕೆ ವಾಪಸ್ ಹೋಗಬೇಕಾದವರು. ರಾಷ್ಟ್ರಸಂಘದ ಸಚಿವಾಲಯದಲ್ಲಿದ್ದ ಅಮೆರಿಕನ್ ಆರ್ಥರ್ ಸ್ವೀಟ್ಸರ್, ಜಿನೀವಾದ ಶಿಕ್ಷಣ ಸುಧಾರಕ ಅಡಾಲ್ಫ್ ಫೆರಿಯೇರ್ ಮುಂತಾದವರು ಸೇರಿ 1924ರಲ್ಲಿ ಬೆರಳೆಣಿಕೆಯ ಮಕ್ಕಳೊಂದಿಗೆ ಶಾಲೆ ತೆರೆದರು. 1926ರಲ್ಲಿ ಕಮಲಾ ನೆಹರೂ ಅವರ ಚಿಕಿತ್ಸೆಗೆಂದು ಕುಟುಂಬ ಅಲ್ಲಿಗೆ ಹೋದಾಗ ಎಂಟು ವರ್ಷದ ಇಂದಿರಾ ಕೂಡ ಅಲ್ಲಿ ಓದಿದ್ದರು. ಇಂಥ ಶಾಲೆಯೊಂದು ಬಳಗವಾಗುವುದು ಹೇಗೆ? ಬಾವುಟಗಳ ಮೆರವಣಿಗೆ, ದೇಶದೇಶಗಳ ತಿಂಡಿಮೇಳ ಎಂಬುದು ಸುಲಭದ ಉತ್ತರ. ಈ ಶಾಲೆಯ ಚರಿತ್ರೆ ನೋಡಿದರೆ, ಬಳಗವನ್ನು ಕಟ್ಟಿದ್ದು ಪಠ್ಯ, ಪರೀಕ್ಷೆ, ಆಡಳಿತ ಎಂಬ ರಂಗಿಲ್ಲದ ಕೆಲಸಗಳೇ ಎಂದು ನನಗೆ ತೋರುತ್ತದೆ.

1929ರಿಂದ 1949ರವರೆಗೆ ಶಾಲೆಯನ್ನು ನಡೆಸಿದ ಮಾರಿ ತೆರೆಸ್ ಮೊರೆತ್ ಇದನ್ನು ಚೆನ್ನಾಗಿ ಅರಿತಿದ್ದರು. ಆಕೆಯ ತಂದೆ ಪಾಲ್ ದುಪ್ವಿ ಅಲ್ಲೇ ಭೂಗೋಳ ಕಲಿಸುತ್ತಿದ್ದರು, ಭೂಗೋಲವನ್ನೇ ಮುಂದಿಟ್ಟುಕೊಂಡು. ಗೋಡೆಗೆ ತೂಗುಹಾಕಿದ ನಕ್ಷೆಯಲ್ಲಿ ಯಾವುದೋ ಒಂದು ದೇಶ ನಡುವೆ ಬರಲೇಬೇಕು, ಉಳಿದವು ಅಂಚಿಗೆ ಸರಿಯಲೇಬೇಕು. ಗೋಲಕ್ಕೆ ಆ ಪೀಡೆಯಿಲ್ಲ. ಚರಿತ್ರೆಯನ್ನೂ ಒಂದು ದೇಶದ ವೀರಗಾಥೆಯಾಗಿ ಒಪ್ಪಿಸದೆ ಲೋಕದ ಚರಿತ್ರೆಯಾಗಿ ಹೇಳಬೇಕೆಂಬುದು ಮೊರೆತ್ ಅವರ ಹಟ. ಫ್ರೆಂಚ್ ಹುಡುಗನೂ ಜರ್ಮನ್ ಹುಡುಗಿಯೂ ಒಂದೇ ಬೆಂಚಿನಲ್ಲಿ ಕೂತಿರುವಾಗ ಅವರವರ ಅಪ್ಪಂದಿರು ಹೊಡೆದಾಡಿದ ಯುದ್ಧವನ್ನು ಹೇಗೆ ಪಾಠ ಮಾಡುತ್ತೀರಿ? ಈ ಇಕ್ಕಟ್ಟಿಗೆ ತಿಂಡಿಮೇಳದಲ್ಲಿ ಉತ್ತರವಿಲ್ಲ.

ಆದರೂ ಬಿರುಕು ಉಳಿದಿತ್ತು, ಅದೂ ಮೇಲಿನ ತರಗತಿಗಳಲ್ಲಿ. ಚಿಕ್ಕಂದಿನಿಂದ ಜೊತೆಗೆ ಕಲಿತವರು ಕಾಲೇಜಿಗೆ ಹೋಗುವ ಹೊತ್ತಿಗೆ ಬೇರೆಬೇರೆಯಾಗಲೇಬೇಕಿತ್ತು: ಒಬ್ಬರಿಗೆ ಇಂಗ್ಲೆಂಡಿನ ಪರೀಕ್ಷೆ, ಇನ್ನೊಬ್ಬರಿಗೆ ಅಮೆರಿಕದ್ದು, ಮತ್ತೊಬ್ಬರಿಗೆ ಫ್ರಾನ್ಸಿನದೋ ಸ್ವಿಟ್ಜರ್ಲೆಂಡಿನದೋ. ಒಂದೇ ಸೂರಿನಡಿ ನಾಲ್ಕು ದೇಶಗಳ ಟ್ಯುಟೋರಿಯಲ್ ನಡೆದಂತೆ. 1960ರ ದಶಕದಲ್ಲಿ ಈ ಶಾಲೆಯ ಮೇಷ್ಟ್ರುಗಳು ಎಲ್ಲರಿಗೂ ಸಲ್ಲುವ ಒಂದು ಪರೀಕ್ಷೆ ಬೇಕೆಂದು ಕೂತರು. ಅವರು ಮೊದಲು ಕೈಹಾಕಿದ್ದು, ಜಗಳ ಖಾತ್ರಿಯಿರುವ ಸಮಕಾಲೀನ ಚರಿತ್ರೆಗೇ. ಫೋರ್ಡ್ ಪ್ರತಿಷ್ಠಾನದಂಥವರ ನೆರವು, ಆಕ್ಸ್‌ಫರ್ಡಿನ ಅಲೆಕ್ ಪೀಟರ್ಸನ್ ಅವರ ಮುಂದಾಳತ್ವ ಕೂಡಿಬಂದು 1968ರಲ್ಲಿ ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್ ಜಿನೀವಾದಲ್ಲೇ ಸ್ಥಾಪನೆಯಾಯಿತು. ಇಂದು 5 ಸಾವಿರಕ್ಕೂ ಹೆಚ್ಚು ಶಾಲೆಗಳಲ್ಲಿರುವ ಐಬಿ ಇದೇ. ಭಾರತದಲ್ಲಿ ಅದನ್ನು ಮೊದಲು ತಂದದ್ದು ಕೊಡೈಕೆನಾಲ್‌ನ ಶಾಲೆ, 1976ರಲ್ಲಿ.

ಇದೆಲ್ಲ ಉಳ್ಳವರ ಆಟ ಎನ್ನುವವರಿದ್ದಾರೆ. ಅರ್ಧ ನಿಜ. ಜಿನೀವಾದ ಆ ಶಾಲೆಯ ಶುಲ್ಕ ವರ್ಷಕ್ಕೆ ಹತ್ತಾರು ಸಾವಿರ ಫ್ರಾಂಕ್. ನೂರು ದೇಶದ ಮಕ್ಕಳಿದ್ದರೂ ಅವರೆಲ್ಲ ಬಹುಮಟ್ಟಿಗೆ ಒಂದೇ ವರ್ಗದವರು ಎಂಬ ಮಾತನ್ನು ಅಲ್ಲಗಳೆಯುವುದು ಕಷ್ಟ. ಆದರೆ ಅಲ್ಲಿ ರೂಪುಗೊಂಡ ಪರೀಕ್ಷೆ ಅಲ್ಲಿಗೇ ನಿಲ್ಲಲಿಲ್ಲ, ಅಮೆರಿಕದ ಎಷ್ಟೋ ಸರ್ಕಾರಿ ಶಾಲೆಗಳಲ್ಲೂ ಅದು ನಡೆಯುತ್ತಿದೆ. ಶಾಂತಿಪಾಠ ಹೇಳಿದ ಶಾಲೆ ಎರಡನೆಯ ಮಹಾಯುದ್ಧವನ್ನು ತಡೆಯಿತೇ ಎಂಬ ಕೊಂಕಿಗೆ ನಾನು ಹೆಚ್ಚು ಬೆಲೆ ಕೊಡಲಾರೆ. ರಾಷ್ಟ್ರಸಂಘದಿಂದಲೇ ಆಗದ್ದನ್ನು ಶಾಲೆಯಿಂದ ಕೇಳುವುದು ನ್ಯಾಯವಲ್ಲ. ಯುದ್ಧ ಮುಗಿದ ಮೇಲೆ, 1948ರಲ್ಲಿ ಯುನೆಸ್ಕೋಗಾಗಿ ಬರೆದ ಕಿರುಹೊತ್ತಗೆಯಲ್ಲಿ, ಶಾಂತಿಗಾಗಿ ಶಿಕ್ಷಣ ಕೊಡುವ ವಿಧಾನಗಳು ನಿಜಕ್ಕೂ ಇವೆಯೇ ಎಂದು ಮೊರೆತ್ ಶೀರ್ಷಿಕೆಯಲ್ಲೇ ಕೇಳಿದ್ದರು. ಮೂರನೆಯ ಆಕ್ಷೇಪಕ್ಕೆ ತೂಕವಿದೆ: ಇಂಥಲ್ಲಿ ಬೆಳೆದ ಮಗುವಿಗೆ ಮನೆಮಾತು ಕೈತಪ್ಪುತ್ತದೆ. ಆ ಶಾಲೆ ಮೊದಲಿನಿಂದಲೂ ಫ್ರೆಂಚ್, ಇಂಗ್ಲಿಷ್ ಎರಡನ್ನೇ ನೆಚ್ಚಿಕೊಂಡದ್ದು. ಕಲಿಸಲು ಅಧ್ಯಾಪಕರಿಲ್ಲದಿದ್ದರೂ ತಾಯ್ನುಡಿಯ ಸಾಹಿತ್ಯವನ್ನು ತಾನೇ ಓದಿ ಪರೀಕ್ಷೆ ಬರೆಯುವ ಅವಕಾಶ ಐಬಿಯಲ್ಲಿದೆ. ಆದರೆ ಹದಿನಾರರ ಹುಡುಗನೊಬ್ಬ ಒಂಟಿಯಾಗಿ ಕೂತು ಓದುವುದು, ತರಗತಿಯಲ್ಲಿ ಕೂಡಿ ಓದುವುದಕ್ಕೆ ಸಾಟಿಯಾಗದು. ಈ ಕೊರತೆಗೆ ಪೂರ್ತಿ ಮದ್ದು ಇನ್ನೂ ಸಿಕ್ಕಿಲ್ಲ.

ಬೆಂಗಳೂರಿನ ಹೊರವಲಯದಲ್ಲಿ ಇಂಟರ್‌ನ್ಯಾಷನಲ್ ಎಂಬ ಫಲಕ ಹೊತ್ತ ಶಾಲೆಗಳು ಸಾಲುಗಟ್ಟಿವೆ. ಈಜುಕೊಳ, ಏಸಿ ಬಸ್ಸು, ವಿದೇಶ ಪ್ರವಾಸಗಳಲ್ಲಿ ಅವು ಯಾರಿಗೂ ಕಡಿಮೆಯಿಲ್ಲ. ಜಿನೀವಾದಿಂದ ನಾವು ತಾರದೆ ಬಿಟ್ಟದ್ದು ಆಡಳಿತದ ಕ್ರಮವನ್ನು. ಅಲ್ಲಿನ ಶಾಲೆಗೆ ಮಾಲೀಕನಿಲ್ಲ. ಅದು ಲಾಭವಿಲ್ಲದ ಪ್ರತಿಷ್ಠಾನ, ಅದರ ಆಡಳಿತದಲ್ಲಿ ಪೋಷಕರಿಗೂ ಸಿಬ್ಬಂದಿಗೂ ಪಾಲಿದೆ. ನಮ್ಮಲ್ಲಿ ಶುಲ್ಕ ಏರಿಸಿದಾಗ ಪೋಷಕರು ಗೇಟಿನ ಹೊರಗೆ ನಿಂತು ಪ್ರತಿಭಟಿಸುತ್ತಾರೆ, ಇಲ್ಲವೇ ಕೋರ್ಟಿಗೆ ಹೋಗುತ್ತಾರೆ. ಲೆಕ್ಕಪತ್ರ ಮೇಜಿನ ಮೇಲಿಟ್ಟು, ಅವರನ್ನು ಒಳಗೆ ಕರೆದು ಕೂರಿಸಿಕೊಳ್ಳುವ ಶಾಲೆಗಳು ಎಷ್ಟಿವೆ?